ಮೊದಲೇ ಹೊರಟ ಫೌಜದಾರ

ಗುನ್ನೆ ಆದಮೇಲೆ ಪೊಲೀಸರು ಬರುವುದು ಲೋಕದ ರೂಢಿ. ದಿಗ್ಗೇವಾಡಿಯ ಕುರಿಗಾರ ಮಾಳೇಶನ ನಸೀಬು ನೋಡಿ, ಅವನ ಬಾಗಿಲಿಗೆ ಅವರು ಗುನ್ನೆಗೆ ಮೊದಲೇ ಬಂದರು.

ಆ ಬೆಳಿಗ್ಗೆ ಅವನಷ್ಟು ಸುಖಿ ಊರಲ್ಲಿ ಇನ್ನೊಬ್ಬನಿರಲಿಲ್ಲ. ಗಾಣದ ಮನೆಯವರ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿದ್ದಕ್ಕೆ ಅವರು ಕಾಳಿನ ಬದಲು ಒಂದು ಸಣ್ಣ ಬುಟ್ಟಿ ಹೊಸ ಬೆಲ್ಲದ ಪೆಂಟಿ ಕೊಟ್ಟು ಕಳಿಸಿದ್ದರು. ಅದರಲ್ಲೊಂದು ತುಣುಕನ್ನು ಬಾಯಿಗೆ ಹಾಕಿಕೊಂಡು ಮಾಳೇಶ ಹಟ್ಟಿಯ ಬಾಗಿಲು ತೆಗೆಯಲು ಹೋದ. ಅಷ್ಟರಲ್ಲಿ ಬೆಲ್ಲ ಕಾಯಿಸುವ ಕೊಪ್ಪರಿಗೆಯಂಥದ್ದೊಂದು ಆಕಾಶದಿಂದ ಸದ್ದಿಲ್ಲದೆ ಇಳಿದು, ಹೊಳೆಯ ದಂಡೆಯ ಮೇಲೆ ಬೋರಲಾಗಿ ಕೂತಿತು. ಕುರಿಗಳು ಒಮ್ಮೆ ತಲೆಯೆತ್ತಿ ನೋಡಿ ಸುಮ್ಮನಾದವು. ಮಾಳೇಶನಿಗೆ ಸುಮ್ಮನಾಗಲು ಬರಲಿಲ್ಲ.

ಕೊಪ್ಪರಿಗೆಯ ಅಡಿಯಿಂದ ಒಬ್ಬ ಹೊರಬಂದ. ಕಬ್ಬಿನ ಗಳದಷ್ಟು ಎತ್ತರ, ಹೆಚ್ಚುಕಡಿಮೆ ಅದರಷ್ಟೇ ತೆಳು, ಕಾಲು ಮೂರು, ಕಣ್ಣು ತಲೆಯ ಸುತ್ತಲೂ. ಎದೆಯ ಮೇಲೆ ಬಿಲ್ಲೆ ಹೊಳೆಯುತ್ತಿತ್ತು. ಆದ್ದರಿಂದ ಬಂದವನು ಪೊಲೀಸನೇ ಎಂಬುದರಲ್ಲಿ ಯಾರಿಗೂ ಸಂಶಯ ಉಳಿಯಲಿಲ್ಲ.

"ಮಾಳೇಶ ಅಂದ್ರ ತುಮ್ಹೀಚ ಏನ್ರಿ?" ಎಂದು ಕೇಳಿದ. ಇಳಿಯುವ ಮೊದಲು ಹೊಳೆಯ ಎರಡೂ ದಂಡೆಯ ಮಾತು ಆಲಿಸಿ ಭಾಷೆ ಕಲಿತಿದ್ದನಂತೆ. ಹೀಗಾಗಿ ಅವನ ಬಾಯಲ್ಲಿ ಕನ್ನಡ ಮರಾಠಿ ಎರಡೂ ಒಂದೇ ಗಡಿಗೆಯಲ್ಲಿ ಬೆಂದಿದ್ದವು.

ಹೌದೆಂದು ಮಾಳೇಶ ಒಪ್ಪಿಕೊಂಡ. ಬಂದವನು ತಾನು ನಕ್ಷತ್ರಗಳ ನಡುವಿನ ಠಾಣೆಯ ಫೌಜದಾರನೆಂದು ಹೇಳಿಕೊಂಡ. ಇವತ್ತು ಹೊತ್ತು ಮುಳುಗುವುದರೊಳಗೆ ಮಾಳೇಶ ಒಂದು ಗುನ್ನೆ ಮಾಡುವವನಿದ್ದಾನೆ, ಮಾಡಿದ ಕೂಡಲೇ ಹಿಡಿದು ಒಯ್ಯಬೇಕು, ಅದಕ್ಕೇ ಬಂದದ್ದು. ಏನು ಗುನ್ನೆ ಎಂದು ಕೇಳಿದರೆ ಹೇಳಲು ಅವರ ಕಾಯಿದೆ ಬಿಡುವುದಿಲ್ಲ. ಹೇಳಿದರೆ ಯಾರು ತಾನೇ ಮಾಡುತ್ತಾರೆ?

ಬಾಗಿಲಲ್ಲಿ ನಿಂತಿದ್ದ ಹೆಂಡತಿ ತಾರವ್ವನಿಗೆ ಕಾಯಿದೆ ತಿಳಿಯಲಿಲ್ಲ, ದೂರದಿಂದ ಯಾರೋ ಬಂದಿದ್ದಾರೆಂಬುದಷ್ಟೇ ತಿಳಿಯಿತು. ಆಕೆ ಒಳಗೆ ಹೋಗಿ ಚರಿಗೆಯಲ್ಲಿ ನೀರು, ಅಂಗೈಯಲ್ಲಿ ಬೆಲ್ಲ ಹಿಡಿದುಕೊಂಡು ಬಂದಳು. ಅಷ್ಟರಲ್ಲಿ ಪಕ್ಕದ ಮನೆಯ ಸಂಭಾಜಿ ಅಡ್ಡ ಬಂದ. ಸಂಭಾಜಿ ಕೋರ್ಟಿನ ಸಮನ್ಸು ಮುಟ್ಟಿಸುವ ಬೇಲೀಫನಾಗಿದ್ದು ನಿವೃತ್ತನಾದವನು. ಕೋರ್ಟಿನ ನೆರಳಿನಲ್ಲಿ ನಿಂತು ನಿಂತು ಕಾಯಿದೆ ತನ್ನ ಮೈಗೇ ಹತ್ತಿದೆಯೆಂದು ಅವನ ನಂಬಿಕೆ. ಗಂಡನನ್ನು ಹಿಡಿಯಲು ಬಂದವನಿಗೆ ಬೀಗರ ಉಪಚಾರ ಬೇಡವೆಂದು ಅವಳನ್ನು ಒಳಗೆ ಅಟ್ಟಿದ.

"ಮನೀಗೆ ಬಂದಾವ್ರಿಗೆ ನೀರ ಕೊಡಬ್ಯಾಡಂದ್ರ ಹೆಂಗಣ್ಣಾ," ಎಂದು ತಾರವ್ವ ಗೊಣಗಿದಳು. ಬೆಲ್ಲ ಬುಟ್ಟಿಗೆ ವಾಪಸು ಹೋಯಿತು, ಆಕೆಯ ಸಂಕಟ ಹೋಗಲಿಲ್ಲ.

ಸಂಭಾಜಿ ಮೊದಲು ನಮ್ಮ ಪೊಲೀಸರಿಗೇ ಫೋನು ಹಚ್ಚಿದ. ಆ ಕಡೆಯವರು ಗುನ್ನೆ ಆಗಿದೆಯೇ ಎಂದು ವಿಚಾರಿಸಿದರು. ಇನ್ನೂ ಇಲ್ಲ ಎಂದ. "ಹಂಗಾರ ಆದಮ್ಯಾಲ ಹಚ್ರಿ," ಎಂದು ಇಟ್ಟುಬಿಟ್ಟರು.

ಅಲ್ಲಿಗೆ ಮಾಳೇಶನನ್ನು ಗುನ್ನೆಯಿಂದ ಕಾಯುವ ಜವಾಬ್ದಾರಿ ಓಣಿಯ ಮೇಲೆಯೇ ಬಿತ್ತು. ಓಣಿಯವರು ಅದನ್ನು ಎರಡೂ ಕೈಯಿಂದ ಎತ್ತಿಕೊಂಡರು. ಯಾರಿಗಾದರೂ ಹೊಡೆದಾನೆಂದು ಅವನ ಕೈ ಕಟ್ಟಿದರು. ಎಲ್ಲಿಗಾದರೂ ನುಗ್ಗಿಯಾನೆಂದು ಕಾಲು ಕಟ್ಟಿ ಅಂಗಳದ ಹೊರಸು ಮಂಚಕ್ಕೆ ಬಿಗಿದು ಕೂರಿಸಿದರು. ಬೈಗಳವೂ ಕಾಯಿದೆಯ ಪ್ರಕಾರ ಗುನ್ನೆಯೇ ಎಂದು ಸಂಭಾಜಿ ನೆನಪಿಸಿದ ಮೇಲೆ ಬಾಯಿಗೂ ಒಂದು ವಸ್ತ್ರ ಬಿಗಿದರು. ಎದುರು ಮನೆಯ ಅಕ್ಕುತಾಯಿಗೆ ಮಾತ್ರ ಗುನ್ನೆ ಯಾವುದೆಂದು ಖಾತ್ರಿಯಿತ್ತು. ಈ ಮಾಳ್ಯಾನ ಕುರಿ ತನ್ನ ಕಡಲೆಹೊಲ ಹೊಕ್ಕದ್ದು ಒಂದು ಸಲವೇ? ಮುದುಕಿ ಹಟ್ಟಿಯ ಬಾಗಿಲಿಗೆ ಮುಳ್ಳು ಬಡಿದು, ಕೋಲು ಹಿಡಿದು ಕಾವಲಿಗೆ ಕೂತಳು.

ಮಾಡದ ಗುನ್ನೆಗೆ ಇಷ್ಟು ಶಿಕ್ಷೆಯಾದರೆ ಮಾಡಿದ್ದಕ್ಕೆ ಇನ್ನೆಷ್ಟೋ ಎಂದು ಮಾಳೇಶ ವಸ್ತ್ರದೊಳಗೇ ಅಂದುಕೊಂಡ.

ಮಧ್ಯಾಹ್ನ ಉಣಿಸಲೆಂದು ತಾರವ್ವ ಅವನ ಬಾಯಿ ಬಿಚ್ಚಿದಳು. ಫೌಜದಾರ ಬೇವಿನ ನೆರಳಿನಲ್ಲಿ ಮೂರೂ ಕಾಲು ಮಡಿಚಿ ಕೂತಿದ್ದ. ಬಿಸಿಲಿಗೆ ಅವನ ಮೈ ಸೊರಗಿತ್ತು. ತಾರವ್ವ ಒಂದು ತುತ್ತು ಗಂಡನ ಬಾಯಿಗಿಡುವಳು, ಒಂದು ಸಲ ಅವನ ಕಡೆ ನೋಡುವಳು, ಮೂಲೆಯಲ್ಲಿ ಕೂತ ಸಂಭಾಜಿಯನ್ನು ಕಂಡು ಸುಮ್ಮನಾಗುವಳು.

ಮಾಳೇಶ ಧೈರ್ಯ ಮಾಡಿ, ಹಿಡಿದು ಒಯ್ದರೆ ಯಾವಾಗ ತಿರುಗಿ ಬಿಡುವಿರೆಂದು ಕೇಳಿದ.

"ಬಿಡೂದು ಬಿಡ್ತೀವ್ರಿ," ಎಂದ ಫೌಜದಾರ. "ಆದ್ರ ನೀವು ತಿರುಗಿ ಬರೂದ್ರಾಗ ಈ ಊರು ಇರಂಗಿಲ್ಲ. ಈ ಹೊಳಿನೂ ಇರಂಗಿಲ್ಲ."

ತಾರವ್ವನ ಕೈಯ ರೊಟ್ಟಿ ಅಲ್ಲೇ ನಿಂತಿತು. ಆಕೆ ಗಂಡನ ಕಟ್ಟಿದ ಕೈಯ ಮೇಲೆ ತನ್ನ ಕೈ ಇಟ್ಟು ಕೂತಳು. ಒಂದು ವೇಳೆ ಜೈಲಾದರೆ ಹಬ್ಬಕ್ಕಾದರೂ ಬುತ್ತಿ ಕಟ್ಟಿಕೊಂಡು ಇವಳು ಬಂದಾಳೆಂದು ಮಾಳೇಶ ಲೆಕ್ಕ ಹಾಕಿದ್ದ. ಹೊಳೆಯೇ ಬತ್ತಿಹೋಗುವಷ್ಟು ದೂರಕ್ಕೆ ಯಾರು ಬರುತ್ತಾರೆ?

"ಅಲ್ರಿ ಸಾಹೇಬ್ರ, ನಾ ಒಬ್ಬ ಕುರಿ ಕಾಯಾಂವ. ನನ್ನ ಸಲುವಾಗಿ ಇಷ್ಟ ದೂರ ಯಾಕ ಬಂದ್ರಿ?"

ಫೌಜದಾರ ಉತ್ತರ ಹೇಳಿದ. ನಕ್ಷತ್ರಗಳ ನಡುವೆ ಬೆಳಕೇ ನಡೆದು ನಡೆದು ಮುದಿಯಾಗುತ್ತದೆ. ಅನ್ಯಾಯವಾದವನ ಕೂಗು ಠಾಣೆ ಮುಟ್ಟುವುದರೊಳಗೆ ಅವನ ಮೊಮ್ಮಕ್ಕಳೂ ಮಣ್ಣಾಗಿರುತ್ತಾರೆ. ಅದಕ್ಕೆ ಅವರ ಹಿರಿಯರು ಒಂದು ಮಾತು ಮಾಡಿಕೊಂಡರು. ಎಷ್ಟೇ ಸಣ್ಣ ಊರಿರಲಿ, ಎಷ್ಟೇ ಸಣ್ಣ ತಪ್ಪಿರಲಿ, ಯಾರೂ ಬರಲಿಲ್ಲ ಎಂಬ ಮಾತು ಬರಬಾರದು. ಕೂಗಿದ ಮೇಲೆ ಹೊರಟರೆ ಮುಟ್ಟುವುದಿಲ್ಲವಾದ್ದರಿಂದ ಕೂಗುವ ಮೊದಲೇ ಹೊರಡಬೇಕು.

"ಆಗೂದು ನಿಮಗ ಮೊದಲ ಹೆಂಗ ತಿಳೀತೈತಿ?"

"ಕುರಿ ಬೇಲಿ ಹಾರೂದನ್ನ ನೀವು ಅದರ ಕಿವಿ ನೋಡೇ ಹೇಳಂಗಿಲ್ಲೇನ್ರಿ? ಹಂಗ. ನಾ ಹೊರಟಾಗ ಈ ಹೊಳಿ ಹುಟ್ಟಿದ್ದಿಲ್ಲ. ಬರೂ ದಾರ್ಯಾಗ ಅದು ಹರಿಯಾಕ ಚಾಲೂ ಮಾಡ್ತು. ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಹೊರಳಿ, ನಿಮ್ಮ ಮನಿ ಹಂತ್ಯಾಕ ಬಂತು."

ಮಾಳೇಶ ಹೊಳೆಯ ಕಡೆ ನೋಡಿದ. ಹುಟ್ಟಿದಾಗಿನಿಂದ ಕಂಡ ಕೃಷ್ಣೆ, ಕುರಿ ತೊಳೆದ ಕೃಷ್ಣೆ. ಇದು ಹುಟ್ಟುವ ಮೊದಲೇ ಯಾರೋ ಒಬ್ಬ ತನ್ನ ಹೆಸರು ಹಿಡಿದು ಕತ್ತಲೆಯಲ್ಲಿ ಹೊರಟಿದ್ದ. ಅಪ್ಪ ಹೆಸರಿಡುವ ಮೊದಲು ಆ ಹೆಸರು ಆಕಾಶದಲ್ಲಿ ನಡೆದು ಬರುತ್ತಿತ್ತು. ಅವನಿಗೆ ಅಂಜಿಕೆಯ ಜೊತೆಗೆ ಒಂದು ಥರದ ಹೆಮ್ಮೆಯೂ ಆಯಿತು. ಕೈ ಕಟ್ಟಿರದಿದ್ದರೆ ಮುಗಿಯುತ್ತಿದ್ದ.

ಆದರೆ ಹಸಿದ ಕುರಿಗಳಿಗೆ ಆಕಾಶದ ಕತೆ ಹೊಟ್ಟೆ ತುಂಬಿಸಲಿಲ್ಲ. ಬೆಳಗಿನಿಂದ ಒದರಿ ಒದರಿ ಬೇಸತ್ತು, ಅವು ಮುಳ್ಳು ಬಡಿದ ಬಾಗಿಲು ಬಿಟ್ಟು ಹಿಂದಿನ ಬೇಲಿ ಮುರಿದವು. ಅಕ್ಕುತಾಯಿ ಕೋಲಿನೊಡನೆ ಹಿಂದೆ ತಿರುಗುವುದರೊಳಗೆ ಇಡೀ ಹಿಂಡು ಅವಳ ಕಡಲೆಯಲ್ಲಿತ್ತು. ಮುದುಕಿ ಬೊಬ್ಬೆ ಹೊಡೆಯುತ್ತ ಬಂದು, ಆಯಿತು ನೋಡಿ ಗುನ್ನೆ ಎಂದಳು. ಇಡೀ ಓಣಿ ಫೌಜದಾರನ ಮುಖ ನೋಡಿತು.

"ಇದಲ್ರಿ," ಎಂದ ಫೌಜದಾರ. "ಇದು ಕುರೀದು."

ಕುರಿಗಳನ್ನು ತಾನೊಂದು ಸೀಟಿ ಹೊಡೆದರೆ ತಿರುಗಿಸಿಯೇನೆಂದು ಮಾಳೇಶ ಹೊರಸು ಸಮೇತ ಎದ್ದ. ಹಿಡಿಯಲು ಬಂದ ಸಂಭಾಜಿಗೆ ಹೊರಸಿನ ಕಾಲು ಬಡಿದು ಅವನು ತಿಪ್ಪೆಗೆ ಬಿದ್ದ. ಬಿದ್ದವನು ಎದ್ದು ಮೈ ಸಹ ಜಾಡಿಸಿಕೊಳ್ಳದೆ, ಇದು ಹಲ್ಲೆಯಲ್ಲವೇ ಎಂದು ಕೇಳಿದ. ಇದೂ ಅಲ್ಲ ಎಂದ ಫೌಜದಾರ. ಹೊಡೆತ ತಿಂದೂ ಲೆಕ್ಕಕ್ಕೆ ಬರದೆ ಹೋದದ್ದಕ್ಕೆ ಸಂಭಾಜಿಗೆ ಬಹಳ ಬೇಜಾರಾಯಿತು.

ಅಂತೂ ಸೂರ್ಯ ಹೊಳೆಯಾಚೆ ಇಳಿದು ಅರ್ಧ ಮುಳುಗಿದ. ಇನ್ನೇನು ಉಳಿಯಿತೆಂದು ಸಂಭಾಜಿ ತಾನೇ ಮುಂದೆ ನಿಂತು ಮಾಳೇಶನ ಹಗ್ಗ ಬಿಚ್ಚಿದ. ಫೌಜದಾರನೂ ಎದ್ದ. ಇಷ್ಟು ಯುಗಗಳಲ್ಲಿ ತಮ್ಮ ಹಿರಿಯರ ಲೆಕ್ಕ ತಪ್ಪಿದ್ದು ಇದೇ ಮೊದಲು, ತನಗೂ ಸಂತೋಷವೇ, ಹೋಗಿ ಬರುತ್ತೇನೆ ಎಂದ. ಆ ಉದ್ದನೆಯ ಮೈ ಒಂಟಿಯಾಗಿ ಕೊಪ್ಪರಿಗೆಯ ಕಡೆ ತಿರುಗಿದ್ದನ್ನು ಕಂಡು ತಾರವ್ವನಿಗೆ ತಡೆಯಲಾಗಲಿಲ್ಲ.

"ಪಾಪ, ಹೊಳಿ ಹುಟ್ಟೂಕಿಂತ ಮೊದಲ ಮನಿ ಬಿಟ್ಟಾರ," ಎಂದಳು. "ನಮ್ಮ ಬಾಗಲದಾಗ ದಿನಪೂರ್ತಿ ಬರೇ ಹೊಟ್ಟೀಲೆ ಕುಂತಾರ. ಹಂಗ ಕಳಸೂದು ಛಲೋ ಅಲ್ಲ."

ಈ ಸಲ ಸಂಭಾಜಿಯೂ ಅಡ್ಡ ಬರಲಿಲ್ಲ. ಆಕೆ ಒಳಗಿನಿಂದ ಬೆಲ್ಲ ನೀರು ತಂದು ಗಂಡನ ಕೈಗಿಟ್ಟಳು. ಬಿಚ್ಚಿದ ಕೈ ಇನ್ನೂ ಜುಮ್ಮೆನ್ನುತ್ತಿದ್ದರೂ ಮಾಳೇಶ ತುಂಬಿದ ಮನಸ್ಸಿನಿಂದ ಬೆಲ್ಲವನ್ನು ಮುಂದೆ ಹಿಡಿದು, ಬಾಯಲ್ಲಿ ಹಾಕಿಕೊಳ್ಳಿರೆಂದು ಬೇಡಿಕೊಂಡ. ಫೌಜದಾರನಿಗೆ ಹುಟ್ಟಿದಾಗಿನಿಂದ ಯಾರೂ ಏನನ್ನೂ ಕೊಟ್ಟಿರಲಿಲ್ಲವೇನೋ. ಅವನು ತುಣುಕನ್ನು ತಿರುಗಿಸಿ ತಿರುಗಿಸಿ ನೋಡಿ, ಬಾಯಿಗೆ ಹಾಕಿಕೊಂಡ. ತಲೆಯ ಸುತ್ತಲಿನ ಕಣ್ಣುಗಳೆಲ್ಲ ಒಂದೊಂದಾಗಿ ಮುಚ್ಚಿಕೊಂಡವು.

ತೆರೆದಾಗ ಅವು ಒದ್ದೆಯಾಗಿದ್ದವು. ಹೊಳೆಯ ಮೇಲೆ ಸೂರ್ಯನ ಒಂದು ಎಳೆ ಇನ್ನೂ ಉಳಿದಿತ್ತು.

"ಇದ ನೋಡ್ರಿ ಅದು," ಎಂದ.

ಕರ್ತವ್ಯದ ಮೇಲಿರುವ ಅಧಿಕಾರಿಗೆ ಬಾಯಿಸಿಹಿ ಮಾಡುವುದಕ್ಕಿಂತ ದೊಡ್ಡ ಗುನ್ನೆ ನಕ್ಷತ್ರಗಳ ನಡುವೆ ಇಲ್ಲವಂತೆ. ಮೇಲಿನ ಸಾಹೇಬ ಯುಗಗಳಾಚೆ ಇರುವಾಗ ಅಧಿಕಾರಿಯ ನಿಷ್ಠೆಯೊಂದೇ ಅಲ್ಲಿಯ ಕಾಯಿದೆ. ಬೆಲ್ಲ ನೀರಿಗೆ ಲಂಚ ಅನ್ನುವ ಕೋರ್ಟು ಯಾವುದೆಂದು ಸಂಭಾಜಿ ತಡವರಿಸಿದ. ಅವನ ಇಡೀ ನೌಕರಿಯಲ್ಲಿ ಹಾಗೆ ಯಾರೂ ಅಂದಿರಲಿಲ್ಲ.

ಮಾಳೇಶನ ತಲೆ ಮಾತ್ರ ಆ ಒಂದು ಗಳಿಗೆ ನೆಟ್ಟಗೆ ಓಡಿತು.

"ಸಾಹೇಬ್ರ, ನಾ ಕೊಟ್ಟದ್ದು ಗುನ್ನೆ ಆದ್ರ, ನೀವು ತಿಂದದ್ದು?"

ಫೌಜದಾರ ನಿಂತಲ್ಲೇ ಕುಸಿದ. ಬಿಲ್ಲೆಯನ್ನು ಎದೆಯಿಂದ ಬಿಚ್ಚಿ ನೆಲದ ಮೇಲಿಟ್ಟ. ತಿಂದವನು ಹಿಡಿಯುವಂತಿಲ್ಲ, ಇಬ್ಬರನ್ನೂ ಹಿಡಿಯಲು ಇನ್ನೊಬ್ಬ ಅಧಿಕಾರಿಯೇ ಬರಬೇಕು ಎಂದು ಒಪ್ಪಿಕೊಂಡ. ಅವನು ಬರುವುದೆಂದರೆ ಇನ್ನೊಂದು ಹೊಳೆ ಹುಟ್ಟಿ ಬತ್ತುವಷ್ಟು ಕಾಲ ಎಂದು ಲೆಕ್ಕ ಹಾಕಿದ ಓಣಿ ಹೋ ಎಂದು ಕುಣಿಯಿತು. ಅಕ್ಕುತಾಯಿ ಕಡಲೆ ಮರೆತು ಮಾಳೇಶನ ತಲೆ ಸವರಿದಳು. ತಾರವ್ವ ಅಳುತ್ತ ನಕ್ಕಳು. ಮಾಳೇಶ ಹೊರಸಿನ ಮೇಲೆ ಆರಾಮಾಗಿ ಕಾಲು ಚಾಚಿದ.

"ಅವರು ಹೊರಟು ಭಾಳ ದಿನ ಆತ್ರಿ," ಎಂದ ಫೌಜದಾರ ತಲೆ ಎತ್ತದೆ. "ನಾವು ಮೊದಲ ಹೊರಡಾವ್ರಲ್ಲೇನ್ರಿ."

ಅವನ ಮಾತು ಮುಗಿಯುವ ಮುನ್ನವೇ ಇನ್ನೊಂದು ಕೊಪ್ಪರಿಗೆ ಮೊದಲನೆಯದರ ಮಗ್ಗುಲಿಗೆ ಇಳಿಯಿತು. ಹೊರಬಂದವನು ಇವನಿಗಿಂತ ಎತ್ತರ, ಮುಖ ಇನ್ನೂ ಬಿಗಿ. ಓಣಿಯವರು ಹಿಂದೆ ಸರಿದರು. ತಾರವ್ವ ಸೆರಗು ಸಿಕ್ಕಿಸಿಕೊಂಡು ಒಳಗೆ ಹೋಗಿ, ಬೆಲ್ಲ ನೀರು ತಂದು ಅವನ ಮುಂದೆ ಹಿಡಿದಳು. ಎರಡನೆಯವನು ಏನಿದು ಎಂದು ಕೇಳಿದ, ನೆಲದ ಮೇಲಿನ ಮೊದಲನೆಯವನು ತಿಂದು ನೋಡೆಂದು ಕಣ್ಣಲ್ಲೇ ಹೇಳಿದ. ಸ್ವಲ್ಪ ಹೊತ್ತಿನಲ್ಲಿ ಎರಡನೆಯ ಬಿಲ್ಲೆಯೂ ಮಣ್ಣಿಗೆ ಬಂತು. ಆಗ ಮೂರನೆಯ ಕೊಪ್ಪರಿಗೆ ಇಳಿಯಿತು. ಅದರಿಂದ ಬಂದವನ ಬಾಯಿಗೂ ಬೆಲ್ಲ ಬಿತ್ತು.

ಮಾಳೇಶ ಮೇಲೆ ನೋಡಿದ. ಕೃಷ್ಣೆಯ ನೆತ್ತಿಯ ಮೇಲೆ, ಒಂದರ ಹಿಂದೊಂದು, ಕಣ್ಣು ಹೋಗುವಷ್ಟು ದೂರ ದೀಪಗಳು ಸಾಲಾಗಿ ಇಳಿದು ಬರುತ್ತಿದ್ದವು. ಅವುಗಳ ಬೆಳಕು ನೀರಿನಲ್ಲೂ ಬಿದ್ದು, ಹೊಳೆ ಯಾವುದು ಆಕಾಶ ಯಾವುದು ತಿಳಿಯದಂತಾಗಿತ್ತು. ಒಬ್ಬೊಬ್ಬನೂ ತನ್ನ ಮುಂದಿನವನನ್ನು ಹಿಡಿಯಲೆಂದು, ಈ ಹೊಳೆ ಹುಟ್ಟುವ ಮೊದಲೇ ಮನೆ ಬಿಟ್ಟು ಬಂದವನು. ಅಷ್ಟೂ ಒಂದು ತುಣುಕು ಬೆಲ್ಲಕ್ಕೆ. ಮಾಳೇಶ ಈಗ ಬಿಚ್ಚಿದ ಕೈಯೆತ್ತಿ ಮುಗಿದ. ಇಂಥದ್ದನ್ನು ಕಂಡ ಕಣ್ಣು ಸಾರ್ಥಕವೆಂದು ಅವನಿಗೆ ಅನ್ನಿಸಿತು.

ಒಳಗಿನಿಂದ ಬುಟ್ಟಿಯ ತಳ ಕೆರೆಯುವ ಸದ್ದು ಬಂತು.

"ಏನ್ರಿ," ಎಂದು ತಾರವ್ವ ಕೂಗಿ ಕೇಳಿದಳು, "ಇನ್ನಾ ಎಷ್ಟ ಮಂದಿ ಬರಾವ್ರದಾರ? ಇದ ಕಡೀ ಪೆಂಟಿ ನೋಡ್ರಿ."

ಬೆಲ್ಲ ಮುಗಿದ ಮೇಲೆ ಬರುವ ಅಧಿಕಾರಿ ತನ್ನನ್ನೂ ತಿಂದವರನ್ನೂ ಹಿಡಿದು ಒಯ್ಯುತ್ತಾನೆಂಬುದು ಮಾಳೇಶನಿಗೆ ಆಗ ಹೊಳೆಯಿತು. ಅವನು ಹೆಗಲ ಕಂಬಳಿಯನ್ನು ಅಲ್ಲೇ ಬಿಟ್ಟು ಗಾಣದ ಮನೆಯ ಕಡೆ ಓಡಿದ. ಆರೋಪಿಯನ್ನು ಕಣ್ಣಿನಿಂದ ಮರೆಯಾಗಲು ಬಿಡಬಾರದೆಂದು ಮೂವರು ಫೌಜದಾರರೂ ಬಾಯಿ ಒರೆಸಿಕೊಳ್ಳುತ್ತ ಅವನ ಹಿಂದೆ ಓಡಿದರು.