ತಾಡಪತ್ರಿ ಮುಟ್ಟಿತೇನ್ರಿ?

ಪರಿಹಾರ ಸಾಮಗ್ರಿ ಹಂಚುವ ಕೆಲಸದಲ್ಲಿ ನಗೆಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದು ಲಾರಿಯಲ್ಲಿ ಸಾಮಾನಿನ ಜೊತೆಗೇ ಬರುತ್ತದೆ, ಸಾಮಾನಿಗಿಂತ ಮೊದಲೇ ಇಳಿಯುತ್ತದೆ.

ನಾನು ಓದಿದ್ದು ರಸಾಯನಶಾಸ್ತ್ರ. ಸಿಕ್ಕಿದ್ದು ಹೊರದೇಶದ ಒಂದು ಪರಿಹಾರ ಸಂಸ್ಥೆಯ ಕೆಲಸ. ವರದಾ ನದಿ ಉಕ್ಕಿದ ಮಳೆಗಾಲದಲ್ಲಿ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳು ನನ್ನ ಪಾಲಿಗೆ ಬಂದವು. ಎಲ್ಲೋ ದೂರದ ಜನ ಕೊಟ್ಟ ವಸ್ತು ಇಲ್ಲಿ ಬೇಕಾದವರ ಕೈಗೆ ಮುಟ್ಟಿತೋ ಇಲ್ಲವೋ ಎಂದು ನೋಡಿ ಹೇಳುವುದು ನನ್ನ ಕೆಲಸ. ಪ್ರಯೋಗಾಲಯದಲ್ಲಿ ದ್ರಾವಣದ ಬಣ್ಣ ಬದಲಾದರೆ ಉತ್ತರ ಸಿಕ್ಕಂತೆ. ಇಲ್ಲಿ ಬಣ್ಣ ಬದಲಾಗುತ್ತಿದ್ದುದು ನನ್ನ ಮುಖದ್ದು.

ಜೊತೆಗೆ ಹಿರೇಕೆರೂರು ಕಡೆಯ ಜೀಪ್ ಡ್ರೈವರ್ ಇದ್ದ. ನಾನು ಆಡದ ಮಾತನ್ನೂ ಅವನೇ ಆಡುತ್ತಿದ್ದ.

೧. ಚೀಲದೊಳಗಿನ ಹಿರಿಯರು

ಮೊದಲ ಲಾರಿ ಹೋದದ್ದು ಸವಣೂರು ತಾಲ್ಲೂಕಿನ ಒಂದು ಹೊಳೆದಂಡೆಯ ಹಳ್ಳಿಗೆ. ಅಲ್ಲಿ ಬಟ್ಟೆ ಹೊಲಿದು ಬದುಕುವ ಒಬ್ಬ ಅಕ್ಕ ಇದ್ದರು. ನೆರೆಗೆ ಅವರ ಮನೆಯ ಹಿಂದಿನ ಗೋಡೆ ಕುಸಿದು, ಅರ್ಧ ಹಂಚು ಕೆಳಗೆ ಬಿದ್ದಿತ್ತು. ಹಾಸಲು ಇದ್ದ ಚಾಪೆ, ಜಮಖಾನ ಹೊಳೆಯ ಪಾಲಾಗಿದ್ದವು. ಉಳಿದದ್ದು ಹೊಲಿಗೆ ಮಷಿನ್ನು. ಮೋಡ ಕಂಡಾಗಲೆಲ್ಲ ಅಕ್ಕ ಅದನ್ನು ಒಣಗಿದ ಮೂಲೆಯಿಂದ ಇನ್ನೂ ಒಣಗಿದ ಮೂಲೆಗೆ ಎಳೆಯುತ್ತಿದ್ದರು.

"ನನಗೇನೂ ಬ್ಯಾಡ್ರಿ ಸರ. ಒಂದು ತಾಡಪತ್ರಿ ಕೊಡ್ರಿ. ಮನಿ ಮ್ಯಾಲೆ ಹೊಚ್ಚತೇನಿ. ಮಷಿನ್ನು ಜಂಗ ಹಿಡದ್ರ ನನ್ನ ಕಥಿ ಮುಗೀತು" ಎಂದರು.

ಟಾರ್ಪಾಲು ಇದ್ದೀತು ಎಂದು ಲಾರಿ ಬಿಚ್ಚಿದೆವು. ಅಕ್ಕಿಯ ಜೊತೆ ಬಂದದ್ದು ಹಿಮ ಬೀಳುವ ದೇಶದಲ್ಲಿ ಒಳಹೊಕ್ಕು ಜಿಪ್ ಎಳೆದುಕೊಂಡು ಮಲಗುವ ದಪ್ಪ ಹಾಸಿಗೆ ಚೀಲಗಳು.

ಅಕ್ಕ ಒಂದನ್ನು ಮಗುಚಿ ನೋಡಿದರು. "ಹೊಲಿಗಿ ಭಾಳ ಚಲೋ ಐತಿ. ಆದ್ರ ಇದನ್ನ ಮನಿಗೆ ಹೊಚ್ಚಾಕ ಬರಂಗಿಲ್ಲಲ್ರಿ."

ಊರ ಹಿರಿಯರಿಗೆ ಕಸಿವಿಸಿ. "ಅಷ್ಟು ದೂರದಿಂದ ಕಳಸ್ಯಾರ. ಒಬ್ಬರರ ಹೊಕ್ಕು ತೋರಸಬೇಕಲ್ಲ?" ಎಂದು ತಲೆಯ ಪಟಗ ತೆಗೆದಿಟ್ಟು ತಾವೇ ಹೊಕ್ಕರು. ಡ್ರೈವರ್ ಜಿಪ್ಪನ್ನು ಗದ್ದದವರೆಗೆ ಎಳೆದ. ಫೋಟೋ ಆಯಿತು. ಜಿಪ್ಪು ಧೋತರದ ಅಂಚನ್ನು ಕಚ್ಚಿಕೊಂಡಿತು. ಮೇಲೂ ಬರಲಿಲ್ಲ, ಕೆಳಗೂ ಇಳಿಯಲಿಲ್ಲ.

ಅಷ್ಟರಲ್ಲಿ ಚಾ ಬಂತು. ಹಿರಿಯರ ಕೈಗಳು ಒಳಗಿದ್ದವು. ಡ್ರೈವರ್ ಬಸಿಯಲ್ಲಿ ಆರಿಸಿ ಕುಡಿಸಿದ. ಅಕ್ಕ ಕತ್ತರಿ ತರಲು ಮನೆಗೆ ಓಡಿದರು. ನಾನು ಕೆಲಸದ ನಿಯಮದಂತೆ ಕೇಳಲೇಬೇಕಾದ ಪ್ರಶ್ನೆ ಕೇಳಿದೆ: "ಹಿರಿಯರೇ, ಸಾಮಗ್ರಿ ನಿಮಗೆ ಮುಟ್ಟಿತೇ?"

"ಮುಟ್ಟೇತಿ ತಮ್ಮಾ, ಕುತಿಗಿ ಮಟಾ ಮುಟ್ಟೇತಿ. ಈಗ ಅದು ಬಿಡೂದು ಯಾವಾಗ, ಅದನ್ನ ಕೇಳು."

೨. ಹೊಲದಲ್ಲಿ ನಿಂತ ಸಾಹೇಬರು

ತಾಡಪತ್ರಿ ಬೇಕು ಎಂದು ಮೇಲಿನವರಿಗೆ ಬರೆದೆ. ದಾರಿಯಲ್ಲಿದೆ ಎಂದು ಉತ್ತರ ಬಂತು. ಅದಕ್ಕಿಂತ ಮೊದಲು ಮೊಳಕಾಲುದ್ದದ ಉಣ್ಣೆ ಕೋಟುಗಳು ಬಂದವು. ಅವನ್ನು ಶಿಗ್ಗಾಂವಿ ತಾಲ್ಲೂಕಿನಲ್ಲಿ ಹಂಚಿದೆವು.

ಕೆಲವು ದಿನ ಬಿಟ್ಟು ಬಂಕಾಪುರದ ಆಚೆ ಹೋಗುತ್ತಿದ್ದೆ. ಗೋವಿನಜೋಳದ ಹೊಲದ ನಡುವೆ ಒಬ್ಬರು ಬಿಸಿಲಲ್ಲಿ ಕೋಟು ಹಾಕಿಕೊಂಡು ಗಂಭೀರವಾಗಿ ನಿಂತಿದ್ದರು. ಎಲ್ಲ ಗುಂಡಿಗಳನ್ನೂ ಹಾಕಿದ್ದರು. ಖುಷಿಯಾಗಿ ಜೀಪು ನಿಲ್ಲಿಸಿ ನಮಸ್ಕಾರ ಮಾಡಿದೆ. ಅವರು ಮಾಡಲಿಲ್ಲ.

ಬದುವಿನ ಮೇಲೆ ಕುಳಿತಿದ್ದ ರೈತ ಎದ್ದು ಬಂದ. "ಅದು ಬೆದರುಬೊಂಬಿರಿ ಸರ. ಇಲ್ಲಿ ನವಲಿನ ಕಾಟ ಭಾಳ. ನನ್ನ ಹಳೇ ಅಂಗಿ ತೊಡಿಸಿದ್ನಿ, ಅದರ ತಲಿ ಮ್ಯಾಲೇ ಬಂದು ಕುಂದರತಿದ್ದುವು."

"ಕೋಟು ನಿಮಗೆ ಕೊಟ್ಟದ್ದಲ್ಲವೇ?"

"ಬೇಕಾದವ್ರಿಗೆ ಮುಟ್ಟಬೇಕು ಅಂದ್ರಲ್ರಿ. ನನಗ ಸೆಕಿ. ಇವಗ ಬೇಕಾಗಿತ್ತು."

ವಾದ ಸರಿಯಾಗಿತ್ತು. ಉಪಯೋಗವಾಯಿತೇ ಎಂದು ಕೇಳಿದೆ.

"ಮೊದಲ ಭಾಳ ಆತ್ರಿ. ಯಾರೋ ದೊಡ್ಡ ಸಾಹೇಬ್ರು ಬಂದಾರಂತ ನವಲು ಹತ್ರ ಸುಳೀಲಿಲ್ಲ. ಆಮ್ಯಾಲೆ ನೋಡಿದುವು. ಈ ಸಾಹೇಬ ಬರೇ ನಿಂತು ನೋಡತಾನ, ಏನೂ ಮಾಡಂಗಿಲ್ಲಂತ ತಿಳಕೊಂಡುವು."

ಅಂದು ಜೀಪಿನಲ್ಲಿ ಡ್ರೈವರ್ ದಾರಿಯುದ್ದಕ್ಕೂ ನನ್ನನ್ನೇ ನೋಡಿ ನಗುತ್ತಿದ್ದ.

೩. ಫೋಟೋದ ತಾಡಪತ್ರಿ

ಕೊನೆಗೆ ತಾಡಪತ್ರಿ ಬಂದವು. ಗಟ್ಟಿ, ನೀಲಿ ಬಣ್ಣದವು. ಹಾನಗಲ್ಲಿನಲ್ಲಿ ಹಂಚುವುದೆಂದು ನಿಶ್ಚಯವಾಯಿತು. ಹೊಲಿಗೆಯ ಅಕ್ಕನಿಗೆ ಫೋನು ಮಾಡಿಸಿದೆ. ಬೆಳಿಗ್ಗೆಯ ಬಸ್ಸಿಗೇ ಬಂದು ಮುಂದಿನ ಸಾಲಿನಲ್ಲಿ ಕುಳಿತರು.

ವಸ್ತು ಕೊಡುವುದಾದರೆ ವೇದಿಕೆ ಬೇಕು. ವೇದಿಕೆಗೆ ಹಾರ, ಶಾಲು, ಮೈಕು, ಭಾಷಣ ಬೇಕು. ಮೋಡ ಕವಿದಿತ್ತು. ಪೆಂಡಾಲಿನವನ ಹತ್ತಿರ ಮೇಲೆ ಹೊದಿಸಲು ಸಾಕಷ್ಟು ಇರಲಿಲ್ಲ.

"ಗಂಟು ಬಿಚ್ಚರಿ. ತಾಡಪತ್ರಿ ಅದಾವಲ್ಲ!" ಎಂದರು ಸಂಘಟಕರು.

ಹಂಚಬೇಕಾದ ತಾಡಪತ್ರಿಗಳೆಲ್ಲ ಹಂಚುವವರ ತಲೆಯ ಮೇಲೇರಿದವು. ಫೋಟೋಕ್ಕೆಂದು ಒಂದನ್ನು ಮಾತ್ರ ಮಡಚಿಟ್ಟುಕೊಂಡರು. ಒಬ್ಬೊಬ್ಬರನ್ನೇ ಕರೆದು ಅದನ್ನು ಕೈಗಿಟ್ಟು, ಫೋಟೋ ತೆಗೆದು, "ಖರೇದು ಆಮ್ಯಾಲೆ ಕೊಡ್ತೇವಿ" ಎಂದು ಮರಳಿ ಪಡೆದು ಮುಂದಿನವರಿಗೆ ಕೊಟ್ಟರು.

ಊಟದ ಹೊತ್ತಾಯಿತು. ನಾವೆಲ್ಲ ಎಲೆಯ ಮುಂದೆ ಕುಳಿತೆವು. ಮರುದಿನ ಅಕ್ಕಿಆಲೂರಿನಲ್ಲಿ ಮದುವೆ ಒಪ್ಪಿಕೊಂಡಿದ್ದ ಪೆಂಡಾಲಿನವನು ಅವಸರದಲ್ಲಿದ್ದ. ನಾವು ಉಂಡು ಏಳುವಷ್ಟರಲ್ಲಿ ಕಂಬ, ಬಟ್ಟೆ, ತಾಡಪತ್ರಿ ಎಲ್ಲವನ್ನೂ ಬಿಚ್ಚಿ ಟ್ರ್ಯಾಕ್ಟರಿಗೆ ಹೇರಿಕೊಂಡು ಹೋಗಿಬಿಟ್ಟಿದ್ದ. ಫೋಟೋದ ತಾಡಪತ್ರಿಯನ್ನೂ ಬಿಡಲಿಲ್ಲ.

ಅಕ್ಕನಿಗೆ ಹೇಗೆ ಹೇಳುವುದೋ ತಿಳಿಯಲಿಲ್ಲ. ಸಮಾಧಾನವಾಗಲಿ ಎಂದು ಡ್ರೈವರ್ ಮೊಬೈಲಿನಲ್ಲಿ ಅವರ ಫೋಟೋ ತೋರಿಸಿದ.

ಅಕ್ಕ ಬಹಳ ಹೊತ್ತು ನೋಡಿದರು. "ಚಲೋ ಬಂದೈತ್ರಿ. ಇದನ್ನ ಹೊಚ್ಚಲೇನ್ರಿ ಮನಿ ಮ್ಯಾಲೆ?"

೪. ಆಯೇರ

ಮರುದಿನ ಅಕ್ಕಿಆಲೂರಿಗೆ ಹೋದೆ. ಮದುವೆಮನೆ ದೂರದಿಂದಲೇ ನೀಲಿಯಾಗಿ ಕಂಡಿತು. ಪೆಂಡಾಲಿನವನನ್ನು ಹಿಡಿದು ತಾಡಪತ್ರಿ ಇಳಿಸು ಎಂದೆ.

"ಅಕ್ಕಿಕಾಳು ಬೀಳೂಮಟಾ ತಡೀರಿ ಸರ. ಮದುಮಕ್ಕಳ ತಲಿ ಮ್ಯಾಲಿಂದು ಕಿತಗೊಂಡು ಹೋಗೂದು ಚಂದ ಕಾಣತೈತೇನ್ರಿ?"

ತಡೆದೆ. ತಡೆದವನನ್ನು ಊಟಕ್ಕೆ ಕೂರಿಸಿದರು. ಹೋಳಿಗೆಯ ಮೇಲೆ ತುಪ್ಪ ಹಾಕುತ್ತ ಮದುಮಗಳ ತಂದೆ, "ನೀವು ಯಾರ ಕಡೆಯವ್ರು?" ಎಂದರು. ವಿಷಯ ಹೇಳಿದೆ. ಅವರು ತಲೆ ಎತ್ತಿ ನೀಲಿ ಚಪ್ಪರ ನೋಡಿದರು. ಮುಖ ಅರಳಿತು.

ನಮ್ಮ ಕಡೆ ಮದುವೆಗೆ ಬಂದವರು ಕೊಡುವ ಉಡುಗೊರೆಗೆ ಆಯೇರ ಎನ್ನುತ್ತಾರೆ. ಕೊಟ್ಟವರ ಹೆಸರನ್ನು ಮೈಕಿನಲ್ಲಿ ಕೂಗುವುದು ಮರ್ಯಾದೆ. ನಾನು ಬೇಡ ಎನ್ನುವಷ್ಟರಲ್ಲಿ ಮೈಕು ಕೂಗಿತು: "ಹೊರದೇಶದ ಬೀಗರಿಂದ ಮದುಮಕ್ಕಳಿಗೆ ಚಪ್ಪರದ ಆಯೇರ!"

ಜನ ಚಪ್ಪಾಳೆ ತಟ್ಟಿದರು. ನಮ್ಮ ಸಾಮಗ್ರಿ ಮುಟ್ಟಿತೆಂದು ಅಷ್ಟು ಜನರ ಮುಂದೆ ಸಾರಿದ್ದು ಅದೇ ಮೊದಲು. ಮುಟ್ಟಿದ್ದು ಮಾತ್ರ ಮದುಮಗನಿಗೆ.

ಸಂಜೆಯ ಹೊತ್ತಿಗೆ ತಾಡಪತ್ರಿ ಎಲ್ಲ ಸಿಕ್ಕವು. ಅಕ್ಕನದನ್ನು ನಾನೇ ಒಯ್ದು ಕೊಟ್ಟೆ. ಡ್ರೈವರ್ ಹತ್ತಿ ಕಟ್ಟಿದ. ಅಲ್ಲಿಯತನಕ ನನ್ನನ್ನು "ಸರ" ಎನ್ನುತ್ತಿದ್ದ ಅಕ್ಕ, "ಕೈಕಾಲು ತೊಳಕೋ ತಮ್ಮಾ, ರೊಟ್ಟಿ ತಿಂದು ಹೋಗೂವಂತಿ" ಎಂದರು.

೫. ಮೇಡಂ ಬಂದರು

ಅಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಹೊಳೆದಂಡೆಯ ಮನೆಗಳಿಗೆಲ್ಲ ಮೇಲೆ ಹೊದಿಸಲು ತಗಡು ಕೊಡುವ ಮಾತು ನಡೆದಿತ್ತು. ಅದಕ್ಕೆ ಮೊದಲು ನಮ್ಮ ಸಂಸ್ಥೆಯ ದೊಡ್ಡ ಮೇಡಂ ಹೊರದೇಶದಿಂದ ಬಂದು ಪರೀಕ್ಷೆ ಮಾಡುವವರಿದ್ದರು. ಕೊಟ್ಟದ್ದು ಮುಟ್ಟಿದ್ದರೆ ತಗಡು ಬರುತ್ತದೆ. ಮುಟ್ಟದಿದ್ದರೆ ಇಡೀ ಊರಿಗೆ ಇಲ್ಲ. ಮೇಡಂ ಯಾರ ಮಾತನ್ನೂ ನಂಬುವವರಲ್ಲ, ಕಣ್ಣಿಂದ ನೋಡಬೇಕು ಎನ್ನುವವರು. ನನಗೆ ಭಯವಿರಲಿಲ್ಲ. ಅಕ್ಕನ ಮನೆಯ ಮೇಲೆ ತಾಡಪತ್ರಿ ಇತ್ತು, ಕಟ್ಟಿದವನು ನನ್ನ ಜೀಪಿನಲ್ಲೇ ಇದ್ದ.

ಬೆಳಿಗ್ಗೆ ಆಕಾಶ ತಿಳಿಯಾಗಿತ್ತು. ಅಕ್ಕನ ಮನೆಯ ಮುಂದೆ ಸಾರಿಸಿ ರಂಗೋಲಿ ಹಾಕಿದ್ದರು. ಅಂಗಳದ ತುಂಬ ಬಣ್ಣಬಣ್ಣದ ಕೌದಿ ಹಾಸಿದ್ದರು. ನಾಲ್ಕು ಮನೆಯಿಂದ ತಂದು ಕೂಡಿಸಿದ್ದಿರಬೇಕು. ಹಿರಿಯರು ಪಟಗ ಸುತ್ತಿಕೊಂಡು ನಿಂತಿದ್ದರು. "ಬರ್ರಿ, ಬರ್ರಿ, ಕುಂದರ್ರಿ" ಎಂದು ಎಲ್ಲರನ್ನೂ ಕೂರಿಸಿದರು.

ಕುಳಿತು ಮೇಲೆ ನೋಡಿದೆ. ಮನೆಯ ಮೇಲೆ ತಾಡಪತ್ರಿ ಇರಲಿಲ್ಲ. ಹಂಚು ಬಿದ್ದ ಜಾಗದಲ್ಲಿ ನೀಲಿ ಇತ್ತು, ಅದು ಆಕಾಶ.

ಡ್ರೈವರ್ ಕೂಡ ನೋಡಿದ. ಮೇಡಂ ಕೂಡ ನೋಡಿದರು. ತಾಡಪತ್ರಿ ಮುಟ್ಟಿದೆಯೇ ಕೇಳು ಎಂದು ನನಗೆ ಇಂಗ್ಲಿಷಿನಲ್ಲಿ ಹೇಳಿದರು.

ನಾನು ಕೇಳಿದೆ: "ಅಕ್ಕಾ, ತಾಡಪತ್ರಿ ಮುಟ್ಟೇತಲ್ಲ?"

"ಮುಟ್ಟೇತಿ ತಮ್ಮಾ. ಮೊದಲ ಚಾ ಕುಡೀರಿ" ಎಂದು ಒಳಗೆ ಹೋದರು.

ಚಾ ಬಂತು. ಮೇಡಂ ಮತ್ತೆ ಕೇಳಿಸಿದರು. ಹಿರಿಯರು, "ಮುಟ್ಟದ ಎಲ್ಲಿ ಹೋಗತೈತ್ರಿ? ಅವಲಕ್ಕಿ ತಗೋರಿ" ಎಂದರು. ಅವಲಕ್ಕಿ ಮುಗಿಯಿತು. ಬಂದ ಹೆಣ್ಣುಮಗಳನ್ನು ಬರಿಗೈಲಿ ಕಳಿಸುವುದುಂಟೇ ಎಂದು ನೆರೆಮನೆಯ ಹೆಂಗಸರು ಉಡಿ ತುಂಬಲು ಬಂದರು. ಮೇಡಂಗೆ ಸೆರಗಿರಲಿಲ್ಲ. ಒಂದು ಟವೆಲ್ ಹಿಡಿಸಿ ಅದರಲ್ಲೇ ಅಕ್ಕಿ, ಕಾಯಿ, ಕುಪ್ಪಸದ ಕಣ ಹಾಕಿದರು. ಅಕ್ಕಿ ನಮ್ಮ ಲಾರಿಯದ್ದು. ಕಣವೂ ನಮ್ಮದೇ, ಹಾಸಿಗೆ ಚೀಲದ ಒಳಬಟ್ಟೆಯಿಂದ ಅಕ್ಕ ಅಂದವಾಗಿ ಕತ್ತರಿಸಿದ್ದು. ಎರಡೂ ಬೇಕಾದವರಿಗೆ ಮುಟ್ಟಿ, ಕೊಟ್ಟವರಿಗೆ ಮರಳಿದ್ದವು.

ಮೇಡಂ ಟವೆಲ್ ಹಿಡಿದುಕೊಂಡೇ ಮೂರನೆಯ ಸಲ ಕೇಳಿದರು. ಈ ಸಲ ಧ್ವನಿ ತಣ್ಣಗಿತ್ತು. ಬಂದಿದ್ದರೆ ತೋರಿಸಲಿ, ಇಲ್ಲವಾದರೆ ಹೊರಡೋಣ ಎಂದರು. ತಗಡು ಹೋಯಿತು ಎಂದುಕೊಂಡೆ. ಮಾರಿದರೋ, ಅಡ ಇಟ್ಟರೋ, ಯಾರಾದರೂ ಹೊತ್ತೊಯ್ದರೋ? ಅಕ್ಕನ ಮುಖದಲ್ಲಿ ಅಂಥದ್ದೇನೂ ಕಾಣಲಿಲ್ಲ. ಅವರು ಆಕಾಶ ನೋಡುತ್ತಿದ್ದರು. ಪಡುವಣದಿಂದ ಮೋಡ ಏರಿ ಬರುತ್ತಿತ್ತು.

ಮೊದಲ ದಪ್ಪ ಹನಿ ನನ್ನ ಕೈಮೇಲೆ ಬಿತ್ತು. ಎರಡನೆಯದು ಮನೆಯೊಳಗೆ ಬಿದ್ದಿರಬೇಕು. ಅಕ್ಕ ಒಮ್ಮೆ ಮಷಿನ್ನಿನ ಕಡೆ, ಒಮ್ಮೆ ನಮ್ಮ ಕಡೆ ನೋಡಿದರು. ಇನ್ನು ಮರ್ಯಾದೆ ನೋಡುತ್ತ ಕುಳಿತರೆ ಆಗದು ಎನಿಸಿತೇನೋ. ಮೇಡಂ ಎದುರು ಬಂದು ನಿಂತರು.

"ತಮ್ಮಾ, ಸಿಟ್ಟಾಗಬ್ಯಾಡ್ರಿ ಅಂತ ಹೇಳು ಅವ್ರಿಗೆ. ಹೊತ್ತೇರಿದಾಗಿಂದ ಮುಟ್ಟೇತೇನ, ಮುಟ್ಟೇತೇನ ಅಂತ ಕೇಳಾಕತ್ತಾರ. ಅದರ ಮ್ಯಾಲೆ ಅವ್ರೇ ಕುಂತ್ರ ನನಗ ಹೆಂಗ ಮುಟ್ಟಬೇಕು?"

ನಾನು ಕೌದಿಯ ಅಂಚನ್ನು ಎತ್ತಿದೆ. ಕೆಳಗೆ ನೀಲಿ ತಾಡಪತ್ರಿ, ಒರೆಸಿ ಸುಕ್ಕಿಲ್ಲದಂತೆ ಹಾಸಿದ್ದು. ಅತಿಥಿಗಳನ್ನು ಹಸಿ ನೆಲದ ಮೇಲೆ ಕೂರಿಸುವಂತಿರಲಿಲ್ಲ. ಜಮಖಾನ ಹೊಳೆಗೆ ಹೋಗಿತ್ತು. ಇಡೀ ಮನೆಯಲ್ಲಿ ಹಾಸುವ ಯೋಗ್ಯತೆ ಇದ್ದ ವಸ್ತು ಅದೊಂದೇ. ಬೆಳಿಗ್ಗೆ ಮನೆಯ ಮೇಲಿಂದ ಇಳಿಸಿದ್ದರು.

ನಾನು ಮೇಡಂಗೆ ಅಕ್ಕನ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದೆ. ಅವರು ಎದ್ದ ರಭಸಕ್ಕೆ ಉಡಿಯ ಕಾಯಿ ಹಿರಿಯರ ಮಡಿಲಿಗೆ ಉರುಳಿತು. ಕೌದಿಗಳು ಒಳಗೆ ಹೋದವು. ಒಂದು ಮೂಲೆ ಡ್ರೈವರ್, ಒಂದು ನಾನು, ಒಂದು ಅಕ್ಕ, ನಾಲ್ಕನೆಯದನ್ನು ಮೇಡಂ ಹಿಡಿದು ತಾಡಪತ್ರಿಯನ್ನು ಮೇಲೇರಿಸಿದೆವು. ಮಷಿನ್ನು ನೆನೆಯಲಿಲ್ಲ. ನಾವೆಲ್ಲ ನೆನೆದೆವು.

ಒಳಗೆ ಮಷಿನ್ನಿನ ಪಕ್ಕ ಎಲ್ಲರೂ ಒತ್ತಿಕೊಂಡು ನಿಂತಾಗ ಮೇಡಂ ನಗುತ್ತಿದ್ದರು. ತಗಡು ಖಂಡಿತ ಬರುತ್ತದೆ ಎಂದು ಹೇಳು ಎಂದರು. ಹೇಳಿದೆ.

ಅಕ್ಕ ತಲೆ ಒರೆಸಿಕೊಳ್ಳುತ್ತ ಒಂದು ನಿಟ್ಟುಸಿರು ಬಿಟ್ಟರು. "ತಗಡಾದ್ರ ಚಲೋ ಆತು ನೋಡು ತಮ್ಮಾ. ಎಂಥಾ ಬೀಗರು ಬಂದ್ರೂ ಕಿತ್ತು ಹಾಸಾಕ ಬರಂಗಿಲ್ಲ."