ದೋನ್ ಚೆಪೆಯ ಕಾಫಿ

ಎಲ್ಡರ್ ಪೆಕ್ ಬೆಳಗಿನ ತಿಂಡಿಗೆ ತಟ್ಟೆ ತೆಗೆದುಕೊಳ್ಳದೆ ಬಂದು ಕೂತದ್ದೇ ಆ ದಿನದ ತಾಪತ್ರಯಕ್ಕೆಲ್ಲ ಮೂಲ.

ಪ್ರೊವೊ ಊರಿನ ನಮ್ಮ ಮಿಷನರಿ ತರಬೇತಿ ಕೇಂದ್ರದಲ್ಲಿ ಊಟದ ಹಾಲ್‌ಗೆ ಬಂದು ಬರಿಗೈಯಲ್ಲಿ ಕೂರುವವರು ಯಾರೂ ಇಲ್ಲ. ಬೆಳಗಾಗೆದ್ದು ರಾತ್ರಿ ಮಲಗುವವರೆಗೆ ಸ್ಪ್ಯಾನಿಷ್ ಕ್ರಿಯಾಪದಗಳನ್ನು ಅರೆಯುವ ಹುಡುಗರಿಗೆ ಇರುವ ಸುಖ ಅದೊಂದೇ. ಬರುವಾಗ ಸಡಿಲವಾಗಿದ್ದ ಪ್ಯಾಂಟು ತಿಂಗಳೊಳಗೆ ಗುಂಡಿ ಹಾಕಲು ಬಾರದಂತಾಗುತ್ತದೆ. ಹಾಗಾಗಿ ಪೆಕ್‌ನ ಜೊತೆಗಾರ ಎಲ್ಡರ್ ಫೊನೋಟಿಗೆ ಗಾಬರಿಯಾಯಿತು. ಎಲ್ಡರ್ ಎಂಬುದು ಹೆಸರಲ್ಲ; ನಮ್ಮಲ್ಲಿ ಮಿಷನರಿ ಹುಡುಗರನ್ನೆಲ್ಲ ಹಾಗೇ ಕರೆಯುವುದು, ಹುಡುಗಿಯರಾದರೆ ಸಿಸ್ಟರ್. ಫೊನೋಟಿ ಸಮೋವಾದವನು, ಬಾಗಿಲಿನಷ್ಟು ಅಗಲದ ಆಳು.

"ಯಾಕೋ, ಹೊಟ್ಟೆ ಸರಿಯಿಲ್ವಾ?"

"ಸರಿಯಾಗೇ ಇದೆ. ಉಪವಾಸ."

"ಉಪವಾಸ ತಿಂಗಳ ಮೊದಲನೇ ಭಾನುವಾರ ಅಲ್ವಾ? ಇವತ್ತು ಗುರುವಾರ ಕಣೋ."

"ಇದು ಬೇರೆ. ನಿನ್ನೆ ರಾತ್ರಿ ಊಟದಿಂದ ಇವತ್ತು ರಾತ್ರಿ ಊಟದ ತನಕ. ನೀರೂ ಇಲ್ಲ."

"ಯಾರಿಗೇನಾಯ್ತು ಮಾರಾಯ? ನಿಮ್ಮಮ್ಮ ಹುಷಾರಾಗಿದಾರೆ ತಾನೇ?"

"ಅಮ್ಮ ಚೆನ್ನಾಗಿದಾರೆ. ಇದು ದೋನ್ ಚೆಪೆಗೋಸ್ಕರ."

ಮೊಟ್ಟೆ ಚುಚ್ಚಿಕೊಂಡಿದ್ದ ಫೊನೋಟಿಯ ಫೋರ್ಕು ಅರ್ಧದಲ್ಲೇ ನಿಂತಿತು. "ದೋನ್ ಚೆಪೆ ಅಂದ್ರೆ ನಮ್ಮ ಮೇಷ್ಟ್ರು ಕಣೋ. ಟೋಪಿ ಹಾಕ್ಕೊಂಡ ಮೇಷ್ಟ್ರು."

"ಗೊತ್ತು," ಅಂದ ಪೆಕ್. "ಆದ್ರೂ ಪಾಪ, ಅವರು ಕಾಫಿ ಬಿಡ್ತಾನೇ ಇಲ್ವಲ್ಲ."

ಸಂಗತಿ ಇಷ್ಟು. ಪಾಠ ಹೇಳುವವರೆಲ್ಲ ಒಂದು ಕಾಲಕ್ಕೆ ತಾವೂ ಮಿಷನರಿಗಳಾಗಿ ದೂರದೂರದ ಊರು ತಿರುಗಿ ಬಂದವರು. ಅಲ್ಲಿ ಕಂಡ ಯಾರನ್ನಾದರೂ ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ತರಗತಿಯಲ್ಲಿ ಅವರ ಪಾತ್ರ ಮಾಡುತ್ತಾರೆ. ಹುಡುಗರು ಅವರಿಗೆ ಸ್ಪ್ಯಾನಿಷ್‌ನಲ್ಲಿ ಧರ್ಮ ಬೋಧಿಸಬೇಕು. ಗ್ವಾಟೆಮಾಲಾದಲ್ಲಿದ್ದು ಬಂದ ಬ್ರದರ್ ಲಿಂಡ್‌ಕ್ವಿಸ್ಟ್ ಒಂದು ಮಾಸಿದ ಟೋಪಿ ಹಾಕಿ, ಖಾಲಿ ಮಗ್ ಹಿಡಿದು ಕೂತರೆಂದರೆ ಅವರೇ ದೋನ್ ಚೆಪೆ. ದೋನ್ ಅಂದರೆ ಅಲ್ಲಿ ಹಿರಿಯರ ಹೆಸರಿಗೆ ಸೇರಿಸುವ ಮರ್ಯಾದೆಯ ಮಾತು. ಬೆಳಕು ಹರಿಯುವ ಮುಂಚೆ ಘಾಟಿ ಇಳಿಯುವ ಮೊದಲ ಬಸ್ಸಿನ ಡ್ರೈವರು. ಪ್ರಾರ್ಥನೆಗೆ ಒಪ್ಪಿದ್ದರು, ಭಾನುವಾರ ಚರ್ಚಿಗೆ ಬರುತ್ತೇನೆ ಎಂದಿದ್ದರು, ಬಿಯರನ್ನೂ ಬಿಟ್ಟಿದ್ದರು. ಆದರೆ ನಮ್ಮ ಚರ್ಚಿನಲ್ಲಿ ದೀಕ್ಷಾಸ್ನಾನ ಆಗಬೇಕಾದರೆ ಕಾಫಿಯನ್ನೂ ಬಿಡಬೇಕು. ಗಾಡಿ ಸಿಕ್ಕಿಕೊಂಡದ್ದು ಅಲ್ಲಿ.

"ನೋಡು ಮಗಾ," ಎನ್ನುತ್ತಿದ್ದರು ದೋನ್ ಚೆಪೆ, ಖಾಲಿ ಮಗ್‌ನಿಂದ ಒಂದು ಗುಟುಕು ಹೀರಿ. "ಕಾಫಿ ಕುಡೀದೆ ನಾನು ಸ್ಟೇರಿಂಗ್ ಹಿಡಿದ್ರೆ ಮೊದಲನೇ ತಿರುವಲ್ಲೇ ಕಣ್ಣು ಮುಚ್ಚುತ್ತೆ. ಆಮೇಲೆ ಬಸ್ಸಲ್ಲಿರೋರೆಲ್ಲ ದೇವರನ್ನ ನೇರವಾಗೇ ನೋಡ್ತಾರೆ. ನೀನು ಪಾಠ ಹೇಳೋ ಅಗತ್ಯನೇ ಇರಲ್ಲ."

ಇದನ್ನು ಓದುತ್ತಿರುವವರ ಕೈಯಲ್ಲೂ ಈಗ ಒಂದು ಲೋಟ ಇರಬಹುದು. ಅವರು ಯಾರ ಪರ ಎಂಬುದು ನನಗೆ ಗೊತ್ತು. ಬೇರೆ ಜೋಡಿಗಳೂ ದೋನ್ ಚೆಪೆಯ ಮುಂದೆ ಸೋತು, ನಕ್ಕು, ಮುಂದಿನ ಪಾಠಕ್ಕೆ ಹೋಗಿದ್ದವು. ಪೆಕ್‌ಗೆ ಹಾಗೆ ಕೈಬಿಡಲು ಬರಲಿಲ್ಲ. ಅವನು ಐಡಾಹೊದ ಆಲೂಗಡ್ಡೆ ಬೆಳೆಯುವ ಮನೆಯವನು. ಸ್ಪ್ಯಾನಿಷ್‌ನಲ್ಲಿ ಇಡೀ ತರಗತಿಗೆ ಹಿಂದು. ಧರ್ಮಗ್ರಂಥ ಓದಿ ಕಲಿತದ್ದರಿಂದ ಪಶ್ಚಾತ್ತಾಪ, ಪುನರುತ್ಥಾನ ಎಲ್ಲ ಬಾಯಿಗೆ ಬರುತ್ತಿತ್ತು. ಒಂದು ಚಮಚ ಕೊಡಿ ಎಂದು ಕೇಳಲು ಬರುತ್ತಿರಲಿಲ್ಲ. ಸೋಮವಾರ ಅವನಿಗೆ ಗ್ವಾಟೆಮಾಲಾದ ವಿಮಾನ. ಇವತ್ತು ಸಂಜೆ ದೋನ್ ಚೆಪೆಗೆ ಕೊನೆಯ ಪಾಠ. ನಾಟಕದ ಮನುಷ್ಯನನ್ನೇ ಒಪ್ಪಿಸಲಾಗದವನು ಅಲ್ಲಿ ನಿಜವಾದ ಜನರ ಮನೆ ಬಾಗಿಲು ತಟ್ಟಿ ಮಾಡುವುದಾದರೂ ಏನು ಎಂಬ ಭಯ ಅವನ ನಿದ್ದೆ ತಿಂದಿತ್ತು. ಮಾತು ಬಾರದವನ ಹತ್ತಿರ ಇರುವುದು ಹೊಟ್ಟೆಯೊಂದೇ, ಅದನ್ನೇ ಮುಡಿಪಿಟ್ಟ.

ತಿಂಡಿ ಮುಗಿಯುವುದರೊಳಗೆ ಸುದ್ದಿ ತರಗತಿಗೆಲ್ಲ ಹಬ್ಬಿತು. ಹುಡುಗರ ಮುಖ್ಯಸ್ಥ ಎಲ್ಡರ್ ಕ್ರ್ಯಾಂಡಲ್‌ಗೆ ಮುಂದೆ ವಕೀಲನಾಗುವ ಆಸೆ. ಅವನು ಕ್ರಿಯಾಪದಗಳನ್ನು ಪಕ್ಕಕ್ಕಿಟ್ಟು ವಿಚಾರಣೆಗೇ ಕೂತ.

"ಇಲ್ಲದೇ ಇರೋ ಮನುಷ್ಯನಿಗೆ ಉಪವಾಸ ಮಾಡಿದ್ರೆ ಅದರ ಫಲ ಹೋಗಿ ಸೇರೋದು ಎಲ್ಲಿಗೆ? ಅದನ್ನ ಹೇಳು ಮೊದಲು."

"ಗ್ವಾಟೆಮಾಲಾದಲ್ಲಿ ಚೆಪೆ ಅನ್ನೋ ಹೆಸರಿನೋರು ಬೇಕಾದಷ್ಟು ಜನ ಇದಾರೆ," ಅಂದಳು ಸಿಸ್ಟರ್ ಆಶ್ಬಿ. ಅದೇ ತರಗತಿಯವಳು, ಎಲ್ಲರ ಪೈಕಿ ಮೆದು ಮನಸ್ಸಿನವಳು. "ದೇವರು ಯಾರಾದ್ರೂ ಒಬ್ಬರಿಗೆ ಕೊಡ್ತಾನೆ ಬಿಡು."

"ಅಂದ್ರೆ ಯಾರೋ ಪಾಪದವನು ಯಾವುದೂ ಕೇಳದೇ ಇದ್ದಕ್ಕಿದ್ದಂತೆ ಕಾಫಿ ಬಿಡ್ತಾನಾ? ಅವನ ಹೆಂಡತಿ ಏನಂದ್ಕೋಬೇಕು?"

ಪೆಕ್ ಕ್ರಿಯಾಪದಗಳ ಪುಸ್ತಕದಲ್ಲೇ ತಲೆ ಹುದುಗಿಸಿದ. ಮಾತಾಡಿದರೆ ಬಾಯಿ ಒಣಗುತ್ತಿತ್ತು.

ಮಧ್ಯಾಹ್ನ ಊಟದ ಹಾಲ್‌ಗೆ ಮತ್ತೆ ಹೋಗಲೇಬೇಕಾಯಿತು. ಜೊತೆಗಾರರು ಒಬ್ಬರನ್ನೊಬ್ಬರು ಬಿಟ್ಟು ಹೋಗುವಂತಿಲ್ಲ. ಫೊನೋಟಿ ಹಸಿದರೆ ಪೆಕ್ ಎದುರಿಗೆ ಕೂರಲೇಬೇಕು. ಗ್ರಹಚಾರಕ್ಕೆ ಅವತ್ತು ಮಾಡಿದ್ದು ಆಲೂಗಡ್ಡೆಗೆ ಚೀಸು, ಕೆನೆ ಬೆರೆಸಿ, ಮೇಲೆ ಕಾರ್ನ್‌ಫ್ಲೇಕ್ಸ್ ಉದುರಿಸಿ ಒಲೆಯಲ್ಲಿ ಬೇಯಿಸುತ್ತಾರಲ್ಲ, ಅದು. ನಮ್ಮಲ್ಲಿ ಯಾರಾದರೂ ತೀರಿಕೊಂಡಾಗ ಇದನ್ನು ಮಾಡುವುದು ವಾಡಿಕೆ. ಪೆಕ್‌ನ ಅಮ್ಮ ಯಾರೂ ಸಾಯದಿದ್ದರೂ ಮಾಡುತ್ತಿದ್ದಳು. ಆ ವಾಸನೆಗೆ ಅವನಿಗೆ ಮನೆಯ ನೆನಪಾಗಿ ಕಣ್ಣು ತುಂಬಿತು.

ಎರಡನೇ ತಟ್ಟೆ ಮುಗಿಸುತ್ತಿದ್ದ ಫೊನೋಟಿ ಅದನ್ನು ನೋಡಿದ. ಮೂರನೇ ತಟ್ಟೆಯನ್ನೂ ಮುಗಿಸಿ, ಬಾಯಿ ಒರೆಸಿಕೊಂಡು ಹೇಳಿದ: "ನಿನ್ನೊಬ್ಬನ್ನೇ ಬಿಡಲ್ಲ. ನಾನೂ ಉಪವಾಸ. ಈಗಿಂದ, ನಾಳೆ ಮಧ್ಯಾಹ್ನದ ತನಕ."

ಊಟದ ನಂತರ ಆಟದ ಹೊತ್ತು. ವಾಲಿಬಾಲ್ ಮೇಲೆ ಬಂದದ್ದು ಪೆಕ್‌ಗೆ ಕಂಡಿತು. ಆದರೆ ಎರಡು ಕಂಡವು. ಒಂದನ್ನು ಹಿಡಿಯಲು ಹೋದ, ಇನ್ನೊಂದು ಮೂಗಿಗೆ ಬಡಿಯಿತು. ಫೊನೋಟಿ ಅವನನ್ನು ಹಿಟ್ಟಿನ ಮೂಟೆಯಂತೆ ಹೆಗಲ ಮೇಲೆ ಹಾಕಿಕೊಂಡು ಆಸ್ಪತ್ರೆ ಕೋಣೆಗೆ ಒಯ್ದ. ಅಲ್ಲಿದ್ದ ನರ್ಸಮ್ಮ ಮೊಮ್ಮಕ್ಕಳನ್ನು ಕಂಡ ಹೆಂಗಸು; ಮೂಗಿಗೆ ಐಸ್ ಒತ್ತಿ, ನೀರಿನ ಲೋಟ ಮುಂದೆ ಹಿಡಿದಳು. ಪೆಕ್ ತಲೆಯಾಡಿಸಿದ.

"ಉಪವಾಸವೇನಪ್ಪಾ? ಮನೇಲಿ ಯಾರಿಗಾದ್ರೂ ಹುಷಾರಿಲ್ವಾ?"

"ಮನೇಲಲ್ಲ. ದೋನ್ ಚೆಪೆ ಅಂತ."

"ಅಯ್ಯೋ ಕಂದಾ. ಏನು ಕಾಯಿಲೆ ಅವರಿಗೆ?"

"ಕಾಫಿ."

ನರ್ಸಮ್ಮ ಗಂಭೀರವಾಗಿ ತಲೆದೂಗಿದಳು. ಇಂಥ ಬಹಳ ಕೇಸು ಕಂಡವಳು. ಕೂಡಲೇ ನಮ್ಮ ಚರ್ಚಿನ ದೇವಾಲಯಕ್ಕೆ ಫೋನು ಮಾಡಿ, ಅಲ್ಲಿ ದಿನವೂ ಪ್ರಾರ್ಥನೆ ಮಾಡುವ ಹೆಸರುಗಳ ಜೊತೆಗೆ ದೋನ್ ಚೆಪೆಯನ್ನೂ ಸೇರಿಸಿಬಿಟ್ಟಳು. "ಅದು ಟೋಪಿ ಹಾಕ್ಕೊಂಡ ನಮ್ಮ ಮೇಷ್ಟ್ರು" ಎಂದು ಹೇಳಲು ಫೊನೋಟಿ ಬಾಯಿ ತೆರೆದ. ಪೆಕ್ ಅವನ ಕಾಲು ತುಳಿದ.

ಸಂಜೆ ಊದಿದ ಮೂಗು, ಒಣಗಿದ ತುಟಿ ಹೊತ್ತು ಪೆಕ್ ಕೊನೆಯ ಪಾಠಕ್ಕೆ ಹೋಗಿ ಕೂತ. ದೋನ್ ಚೆಪೆ ಟೋಪಿ ಹಾಕಿಕೊಂಡು, ಮಗ್ ಹಿಡಿದು ಕಾದಿದ್ದರು. ಪೆಕ್ ಒಂದು ವಾರದಿಂದ ಬಾಯಿಪಾಠ ಮಾಡಿದ್ದ ಭಾಷಣ ಹಸಿವಿನಲ್ಲಿ ಎಲ್ಲಿಗೋ ಹಾರಿಹೋಗಿತ್ತು. ಸಿಕ್ಕ ಮಾತುಗಳನ್ನೇ ಒಂದೊಂದಾಗಿ ಹೆಕ್ಕಿ ಜೋಡಿಸಿದ.

"ದೋನ್ ಚೆಪೆ. ನಾನು ನಿನ್ನೆ ತಿನ್ನುತ್ತಿಲ್ಲ. ಇವತ್ತು ತಿನ್ನುತ್ತಿಲ್ಲ. ನಿಮಗಾಗಿ. ಹಸಿವು ದೊಡ್ಡದು. ನಿಮ್ಮ ಕಾಫಿ ದೊಡ್ಡದು, ನನಗೆ ಅರ್ಥ. ನಾನು ಒಂದು ದಿನ ಬಿಡುತ್ತೇನೆ. ನೀವು ಒಂದು ದಿನ ಬಿಡುತ್ತೀರಾ?"

ದೋನ್ ಚೆಪೆ ಮಗ್ ಎತ್ತಲಿಲ್ಲ. ತಮಾಷೆ ಮಾಡಲಿಲ್ಲ. ಟೋಪಿ ತೆಗೆದು ಮೇಜಿನ ಮೇಲಿಟ್ಟು, "ಇವತ್ತಿಗೆ ಸಾಕು" ಎಂದು ಇಂಗ್ಲಿಷಿನಲ್ಲಿ ಹೇಳಿ ಎದ್ದು ಹೊರಗೆ ಹೋದರು.

"ಕೆಲಸ ಕೆಟ್ಟಿತು," ಅಂದ ಪೆಕ್. ಫೊನೋಟಿ ಅವನ ಬೆನ್ನು ತಟ್ಟಿದ. ಹಿಂದೆ ಕೂತು ನೋಡುತ್ತಿದ್ದ ಕ್ರ್ಯಾಂಡಲ್ ಕೂಡ ವಾದ ಮಾಡಲಿಲ್ಲ. ಅಂಥ ಪೆಚ್ಚುಮುಖದ ಮುಂದೆ ವಾದ ಮಾಡುವವನು ಮನುಷ್ಯನೇ ಅಲ್ಲ.

ರಾತ್ರಿಯ ಊಟಕ್ಕೆ ಮಧ್ಯಾಹ್ನ ಮಿಕ್ಕ ಆಲೂಗಡ್ಡೆಯನ್ನೇ ಬಿಸಿ ಮಾಡಿ ಇಟ್ಟಿದ್ದರು. ಪೆಕ್ ಈ ಸಲ ತಟ್ಟೆ ತುಂಬ ಬಡಿಸಿಕೊಂಡು ಬಂದ. ಉಪವಾಸ ಮುಗಿಸುವ ಪ್ರಾರ್ಥನೆ ಮಾಡಿದ. ಎದುರಿಗೆ ಫೊನೋಟಿ ಬರಿಗೈಯಲ್ಲಿ ಕೂತು ಬೇರೆ ಕಡೆ ನೋಡುತ್ತಿದ್ದ. ಪೆಕ್ ಚಮಚ ಎತ್ತಿ ಬಾಯಿಯ ಹತ್ತಿರ ತಂದ. ಅಷ್ಟರಲ್ಲಿ ಬ್ರದರ್ ಲಿಂಡ್‌ಕ್ವಿಸ್ಟ್ ಫೋನು ಹಿಡಿದು ಓಡೋಡಿ ಬಂದರು. ಕಣ್ಣು ಕೆಂಪಗಿತ್ತು.

"ಎಲ್ಡರ್ ಪೆಕ್, ದೋನ್ ಚೆಪೆ ನಿಜವಾಗ್ಲೂ ಇದಾರೆ. ಆರು ತಿಂಗಳು ಅವರ ಮನೆಗೆ ಓಡಾಡಿದೀನಿ. ಕಾಫಿ ಒಂದಕ್ಕೇ ಒಪ್ಪಲಿಲ್ಲ. ನೀನು ಇವತ್ತು ಹೇಳಿದ್ದನ್ನ ಹಾಗೇ ಅವರಿಗೆ ಫೋನ್ ಮಾಡಿ ಹೇಳಿದೆ. ಈಗ ಉತ್ತರ ಕಳಿಸಿದಾರೆ, ಕೇಳು."

ಫೋನಿನಿಂದ ಒಬ್ಬ ಮುದುಕನ ಒರಟು ದನಿ ಬಂತು. ಮೇಷ್ಟರ ನಟನೆಗಿಂತ ತುಂಬ ಮೆತ್ತಗಿತ್ತು.

"ನೀನು ಆರು ತಿಂಗಳು ಪುಸ್ತಕ ಓದಿ ಹೇಳ್ದೆ. ಈ ಹುಡುಗ ನನ್ನ ಮುಖ ನೋಡ್ದೇನೇ ಊಟ ಬಿಟ್ಟಿದಾನೆ. ನನ್ನ ಸ್ವಂತ ಮಕ್ಕಳೂ ನನಗೋಸ್ಕರ ಒಂದು ರೊಟ್ಟಿ ಬಿಟ್ಟವರಲ್ಲ. ಅವನಿಗೆ ಹೇಳು, ನಾಳೆ ಬೆಳಗ್ಗೆ ನಾನು ಕಾಫಿ ಮುಟ್ಟಲ್ಲ. ಮಾತಂದ್ರೆ ಮಾತು."

ಸಿಸ್ಟರ್ ಆಶ್ಬಿ ಅತ್ತೇಬಿಟ್ಟಳು. ಕ್ರ್ಯಾಂಡಲ್ ಎದ್ದು ಬಂದು ಪೆಕ್‌ನ ಕೈ ಕುಲುಕಿದ. ಆ ಹುಡುಗನ ಮುಖದಲ್ಲಿ ಆಗ ಇದ್ದ ಬೆಳಕನ್ನು ನೋಡಿದವರು ಯಾರೂ ಮರೆಯಲಾರರು. ಸ್ಪ್ಯಾನಿಷ್‌ನಲ್ಲಿ ಚಮಚ ಕೇಳಲು ಬಾರದವನು ಒಂದು ಇಡೀ ಘಾಟಿಯನ್ನು ಅಲ್ಲಾಡಿಸಿದ್ದ. ಪೆಕ್ ನಗುತ್ತಾ ಮತ್ತೆ ಚಮಚ ಎತ್ತಿದ.

"ಬ್ರದರ್," ಅಂದ ಫೊನೋಟಿ. ಹಸಿದ ಹೊಟ್ಟೆಯಿಂದ ಅವನ ತಲೆ ಎಂದಿಗಿಂತ ಚುರುಕಾಗಿತ್ತು. "ನಾಳೆ ಬೆಳಗ್ಗೆ ಅವರಿಗೆ ಬಸ್ಸು ಇದೆಯಾ?"

"ಇದೆಯಲ್ಲ. ದಿನಾ ಇರುತ್ತೆ."

"ಅದೇ ಘಾಟಿ?"

"ಅದೇ ಘಾಟಿ. ಶುಕ್ರವಾರ ಸಂತೆ ಬೇರೆ, ಬಸ್ಸು ತುಂಬಿ ತುಳುಕುತ್ತೆ..." ಎನ್ನುತ್ತಾ ಬ್ರದರ್ ಲಿಂಡ್‌ಕ್ವಿಸ್ಟ್ ಮಾತು ನಿಲ್ಲಿಸಿದರು.

ಪೆಕ್ ಚಮಚವನ್ನು ನೋಡಿದ. ಅದರ ಮೇಲಿನ ಚೀಸು ಇನ್ನೂ ಹಬೆಯಾಡುತ್ತಿತ್ತು. ಅದನ್ನು ಮೆಲ್ಲಗೆ ತಟ್ಟೆಯಲ್ಲಿಟ್ಟು, ತಟ್ಟೆಯನ್ನು ದೂರಕ್ಕೆ ತಳ್ಳಿದ.

"ಬ್ರದರ್," ಅಂತ ಕೇಳಿದ, "ಆ ಬಸ್ಸು ಸಂತೆ ಮುಟ್ಟೋದು ಎಷ್ಟು ಹೊತ್ತಿಗೆ?"