ಘಾಟಿ ಚಾಚಾ ಮತ್ತು ಎರಡು ಮಹಡಿ

ಯಲ್ಲಾಪುರದ ನಮ್ಮ ಸಣ್ಣ ಆಸ್ಪತ್ರೆಯಲ್ಲಿ ರೋಗಿಗಳು ಮೊದಲ ಸಲಕ್ಕೆ ನಿಜ ಹೇಳುವುದಿಲ್ಲ. ಸಂಕೋಚದ ಡಾಕ್ಟರಾದ ನಾನು ಎರಡನೇ ಸಲ ಕೇಳುವುದಿಲ್ಲ. ಹಾಗಾಗಿ ಇಂಥವು ಆಗುತ್ತಲೇ ಇರುತ್ತವೆ.

೧. ಬಾಗಿಲು ಹಾಕಿದ ಅಂಗಡಿ

ಅರಬೈಲ್ ಘಾಟಿಯಲ್ಲಿ ಮೂವತ್ತು ವರ್ಷ ಲಾರಿ ಓಡಿಸಿದ ಚಾಚಾನನ್ನು ಚಾಚಿ ಎಳೆದುಕೊಂಡೇ ಬಂದಿದ್ದರು.

"ನಡೆದರೆ ಏದುಸಿರು ಬರುತ್ತಾ?" ಎಂದೆ.

"ಎಂತದೂ ಇಲ್ಲ ಬೇಟಿ. ಗಾಡಿ ಕಂಡೀಷನ್ ಇದೆ."

"ಎಂತ ಕಂಡೀಷನ್? ಪೇಟೆಗೆ ಹೋಗೋವಾಗ ಅಂಗಡಿ ಅಂಗಡಿ ಮುಂದೆ ಕೂರ್ತಾರೆ," ಎಂದರು ಚಾಚಿ.

"ಗುರುತಿನವರು ಮಾತಾಡಿಸ್ತಾರೆ."

"ನಿನ್ನೆ ಬಾಗಿಲು ಹಾಕಿದ ಅಂಗಡಿ ಮುಂದೆ ಕೂತಿದ್ರಲ್ಲ, ಅಲ್ಲಿ ಯಾರು ಮಾತಾಡಿಸಿದ್ದು? ಬೀಗವಾ?"

೨. ಬುಟ್ಟಿ

ಚಾಚಿಯ ಸಂಕಟ ಬೇರೆಯೇ ಇತ್ತು. ಶಿರಸಿಯಲ್ಲಿ ಚಾಚಾನ ತಂಗಿಯ ಮನೆ ಎರಡನೇ ಮಹಡಿಯಲ್ಲಿ. ಆರು ತಿಂಗಳಿಂದ ಇವರು ಮೆಟ್ಟಿಲು ಹತ್ತಿಲ್ಲ. ವಾರಕ್ಕೊಮ್ಮೆ ಹೋಗಿ ಕೆಳಗಿನಿಂದಲೇ ಕೂಗುತ್ತಾರೆ. ತಂಗಿ ಹಗ್ಗ ಕಟ್ಟಿದ ಬುಟ್ಟಿ ಇಳಿಬಿಡುತ್ತಾಳೆ. ಇವರು ಅದರಲ್ಲಿ ಮೀನು ಇಟ್ಟು ತಿರುಗಿ ಬರುತ್ತಾರೆ.

"ಅಣ್ಣನಿಗೆ ತನ್ನ ಮೇಲೆ ಸಿಟ್ಟು ಅಂತ ಅಳ್ತಾಳೆ, ಪಾಪ. ಸಮಾಧಾನ ಆಗ್ಲಿ ಅಂತ ಬುಟ್ಟಿಯಲ್ಲಿ ಬಿರಿಯಾನಿ ಇಳಿಸ್ತಾಳೆ."

"ದಮ್ಮು ಕಟ್ಟುತ್ತೆ ಅಂತ ತಂಗಿಗೆ ಹೇಳಬಾರದಾ ಚಾಚಾ?"

ಚಾಚಾ ದನಿ ತಗ್ಗಿಸಿದರು. "ಘಾಟಿ ಡ್ರೈವರ್ ಮೆಟ್ಟಿಲಿಗೆ ಹೆದರಿದ ಅಂತ ಹೇಳೋದಾ?"

೩. ಲೋಡ್ ಗಾಡಿ

ಬೆರಳಿಗೆ ಆಮ್ಲಜನಕ ನೋಡುವ ಕ್ಲಿಪ್ ಹಾಕಿ, ವರಾಂಡದಲ್ಲಿ ಆರು ನಿಮಿಷ ನಡೆಸಿದೆ. ಎರಡನೇ ನಿಮಿಷಕ್ಕೇ ಚಾಚಾ ಗೋಡೆಗೆ ಒರಗಿ ನಿಂತರು.

"ಎದುರಿಂದ ಲೋಡ್ ಗಾಡಿ ಬೇಟಿ. ದಾರಿ ಬಿಡಬೇಕು."

ಸಲೈನ್ ಸ್ಟ್ಯಾಂಡ್ ಹಿಡಿದ ಅಜ್ಜಿಯೊಬ್ಬರು ನಿಧಾನಕ್ಕೆ ದಾಟಿ ಹೋದರು. ಸ್ವಲ್ಪ ಹೊತ್ತಿಗೆ ಚಾಚಾ ಮತ್ತೆ ನಿಂತರು. ಎದುರಿಗೆ ಒಂದು ನೊಣವೂ ಇರಲಿಲ್ಲ. ಕ್ಲಿಪ್ಪಿನ ಅಂಕಿ ಇಳಿಯುತ್ತಿತ್ತು. ಧೈರ್ಯ ಮಾಡಿ ಕೇಳಿಯೇಬಿಟ್ಟೆ, "ಈಗ ಯಾರಿಗೆ ದಾರಿ?"

"ಹಿಂದಿನವರಿಗೆ," ಎಂದರು ಏದುತ್ತಾ.

ಹಿಂದೆ ಇದ್ದವಳು ನಾನೊಬ್ಬಳೇ.

೪. ಮೇಲೆ ಹತ್ತಿದ ಮೇಲೆ

ಇಸಿಜಿ, ಎಕೋ ಎಲ್ಲ ಆಯಿತು. ಹೃದಯದ ಬಲ ಕುಂದಿ ಮೈಯಲ್ಲಿ ನೀರು ನಿಲ್ಲುತ್ತಿತ್ತು. ಹಿರಿಯ ಡಾಕ್ಟರು ಮಾತ್ರೆ ಬರೆದರು, ಉಪ್ಪು ಕಡಿಮೆ ಮಾಡಿಸಿದರು.

ಎರಡು ತಿಂಗಳ ಮೇಲೆ ಚಾಚಾ ತಾವೇ ನಡೆದು ಬಂದರು. ಕಾಲಿನ ಊತ ಇಳಿದಿತ್ತು, ಮುಖ ಮಾತ್ರ ಸಪ್ಪಗಿತ್ತು.

"ಮೆಟ್ಟಿಲು ಹತ್ತಿದ್ರಾ?"

"ಹತ್ತಿದೆ. ನಡುವೆ ಒಂದೇ ಸಲ ನಿಂತದ್ದು. ತಂಗಿ ತಬ್ಬಿಕೊಂಡು ಅತ್ತಳು. ಎಲ್ಲ ಹೇಳಿದೆ."

"ಒಳ್ಳೇದಾಯ್ತಲ್ಲ ಚಾಚಾ!"

"ಎಂತ ಒಳ್ಳೇದು? 'ಹಾಗಾದ್ರೆ ಸಿಟ್ಟೇ ಇರ್ಲಿಲ್ವಾ?' ಅಂದವಳೇ ಬಿರಿಯಾನಿ ನಿಲ್ಲಿಸಿಬಿಟ್ಟಳು. ಈಗ ಹೋದಾಗೆಲ್ಲ ಉಪ್ಪಿಲ್ಲದ ಗಂಜಿ." ಮುಂದೆ ಬಾಗಿ ಗುಟ್ಟಾಗಿ ಹೇಳಿದರು: "ಬೇಟಿ, ಮಾತ್ರೆ ಸ್ವಲ್ಪ ಕಮ್ಮಿ ಮಾಡು. ಒಂದು ಮಹಡಿಯಷ್ಟಾದರೂ ಏದುಸಿರು ಉಳಿಸು."